ಹೆಸರಿನಲ್ಲೇ ಎಡವಿದ ರಷ್ಯನ್ ಲೋಕ

ಮಾನ್ಯ ಸಂಪಾದಕರೇ,

ರಷ್ಯನ್ ಛಾಯೆಯ ಕಲ್ಪಿತ ಲೋಕಗಳನ್ನು ಕಟ್ಟುವ ಇಂಗ್ಲಿಷ್ ಕಾದಂಬರಿಗಳು ನಮ್ಮ ಹದಿಹರೆಯದವರ ಕೈಗೂ ಬಂದಿರುವುದರಿಂದ, ಅವುಗಳಲ್ಲಿ ಹೆಚ್ಚು ಹೆಸರಾದ, 2012ರಲ್ಲಿ ಪ್ರಕಟವಾದ ಲೀ ಬಾರ್ಡುಗೊ ಅವರ ‘ಶ್ಯಾಡೋ ಅಂಡ್ ಬೋನ್’ ಕುರಿತು ಈ ಪತ್ರ. ಝಾರ್ ದೊರೆಗಳ ಕಾಲವನ್ನು ನೆನಪಿಸುವ ರಾವ್ಕಾ ಎಂಬ ದೇಶ, ಅದನ್ನು ಸೀಳಿರುವ ಕತ್ತಲೆಯ ಪಟ್ಟಿ, ಬೆಳಕನ್ನು ಕರೆಯಬಲ್ಲ ಅನಾಥ ಹುಡುಗಿ: ಕಥೆ ಬಿಗಿಯಾಗಿದೆ, ಅದರಲ್ಲಿ ನನ್ನ ತಕರಾರಿಲ್ಲ.

ತಕರಾರು ಭಾಷೆಯದು. ರಷ್ಯನ್ ಪದ್ಧತಿಯಂತೆ ಸ್ಟಾರ್ಕೊವ್ ಮನೆತನದ ಹೆಣ್ಣುಮಗಳು ಸ್ಟಾರ್ಕೊವಾ ಆಗಬೇಕು. ಇಲ್ಲಿ ನಾಯಕಿ ಅಲೀನಾ ಸ್ಟಾರ್ಕೊವ್ ಆಗಿಯೇ ಉಳಿಯುತ್ತಾಳೆ. ಮಾಂತ್ರಿಕ ಶಕ್ತಿಯುಳ್ಳವರಿಗೆ ಇಟ್ಟಿರುವ ‘ಗ್ರೀಶಾ’ ಎಂಬ ಹೆಸರು, ಗ್ರಿಗೋರಿ ಎಂಬುದನ್ನು ಮನೆಯವರು ಸಲುಗೆಯಿಂದ ಮೊಟಕುಗೊಳಿಸುವ ರೂಪ. ನಮ್ಮಲ್ಲಿ ಭಯಂಕರ ಮಂತ್ರವಾದಿಗಳ ಪಂಗಡವನ್ನು ‘ಸೀನ’ ಎಂದು ಕರೆದಂತೆ! ರೈ ಬ್ರೆಡ್ಡನ್ನು ಹುದುಗಿಸಿ ಮಾಡುವ ಕ್ವಾಸ್ ರಷ್ಯಾದಲ್ಲಿ ಮಕ್ಕಳೂ ಕುಡಿಯುವ ಪೇಯವಾಗಿದ್ದರೆ, ಇಲ್ಲಿ ಅದು ಅಮಲಿನ ಪಾನೀಯ.

ದೇಶವೇ ಕಲ್ಪಿತವಲ್ಲವೇ ಎಂಬ ಸಮಜಾಯಿಷಿಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ, ಏಕೆಂದರೆ ಮಾಸ್ಕೋದಲ್ಲೇ ಕನ್ನಡದಲ್ಲಿ ಅಚ್ಚಾಗಿ ಅಗ್ಗದ ಬೆಲೆಗೆ ಬರುತ್ತಿದ್ದ ಪುಸ್ತಕಗಳನ್ನು ಓದಿ ಬೆಳೆದ ನನ್ನಂಥವರಿಗೆ ರಷ್ಯಾ ಬರೀ ತುಪ್ಪಳದ ಕೋಟು, ಹಿಮ ಮತ್ತು ಅರಮನೆಗಳ ಅಲಂಕಾರವಲ್ಲ. ಕೋಳಿಕಾಲಿನ ಮೇಲೆ ನಿಂತ ಗುಡಿಸಲಿನ ಮಾಟಗಾತಿ ಬಾಬಾ ಯಗಾಳಂಥವರ ಮೂಲ ಜಾನಪದ ಕಥೆಗಳನ್ನು ತಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಮತ್ತೆ ಪ್ರಕಟಿಸಬೇಕೆಂದು ಕೋರುತ್ತೇನೆ.

– ಹಳೆಯ ಓದುಗ, ಧಾರವಾಡ