ಪಿಎಚ್.ಡಿ. ಮುಗಿದ ವಾರ, ರಾಯಚೂರಿನ ನನ್ನವರಿಗೆ

ಕಳೆದ ವಾರ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಫೋನ್ ಮಾಡಿದವರಿಗೆ, ಮನೆತನಕ ಬಂದು ಹರಸಿದವರಿಗೆ ಒಬ್ಬೊಬ್ಬರಾಗಿ ಉತ್ತರಿಸಲು ಆಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

"ಏನ್ ಓದೀದಿಯವ್ವಾ?" ಅಂತ ಓಣಿಯವರು ಕೇಳಿದ್ದರು. ನಮ್ಮ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟ್ ತೆಗೆಯುತ್ತಾರೆ. ನಾನು ಓದಿದ್ದು ಇನ್ನೊಂದು ದಾರಿ. ಸೂರ್ಯನೊಳಗೆ ಆಗುವಂತೆ ಹಗುರ ಪರಮಾಣು ಬೀಜಗಳನ್ನು ಕೂಡಿಸಿ ಶಕ್ತಿ ತೆಗೆಯಬೇಕಾದರೆ ಪ್ಲಾಸ್ಮಾವನ್ನು, ಅಂದರೆ ಪರಮಾಣುಗಳಿಂದ ಎಲೆಕ್ಟ್ರಾನ್ ಬಿಡಿಸಿಕೊಂಡ ಕಾದ ಅನಿಲವನ್ನು, ಸುಮಾರು 15 ಕೋಟಿ ಡಿಗ್ರಿಗೆ ಕಾಯಿಸಬೇಕು. ಅದನ್ನು ಯಾವ ಲೋಹವೂ ತಾಳದು. ಟೊಕಮಾಕ್ ಎಂಬ ಉಂಗುರಾಕಾರದ ಯಂತ್ರದಲ್ಲಿ ಕಾಂತಕ್ಷೇತ್ರವೇ ಅದನ್ನು ಹಿಡಿದಿಡುತ್ತದೆ. ಗುಜರಾತಿನ ಗಾಂಧಿನಗರದ 'ಆದಿತ್ಯ' 1989ರಲ್ಲಿ ಶುರುವಾದ ಇಂಥದ್ದೇ ಯಂತ್ರ.

ಪ್ಲಾಸ್ಮಾದ ಒತ್ತಡ ಕಾಂತಕ್ಷೇತ್ರದ ಒತ್ತಡದ ಎಷ್ಟನೇ ಪಾಲು ಎಂಬುದಕ್ಕೆ ಬೀಟಾ ಎನ್ನುತ್ತಾರೆ. ಕ್ಷೇತ್ರ ಅಷ್ಟೇ ಇದ್ದು ಬೀಟಾ ಎರಡು ಪಟ್ಟಾದರೆ ಸಿಗುವ ಶಕ್ತಿ ಸುಮಾರು ನಾಲ್ಕು ಪಟ್ಟು. ಆದರೆ ಬೀಟಾ ಏರಿದಂತೆ ಕಾಂತರೇಖೆಗಳೇ ಅಲುಗತೊಡಗುತ್ತವೆ. ಮೊದಮೊದಲು ಇದರಿಂದ ಒಳಿತೇ. ಅಯಾನುಗಳ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳ, ಉಷ್ಣತೆ ನಡುವಿನಿಂದ ಅಂಚಿಗೆ ಇಳಿಯುವುದರಿಂದ ಹುಟ್ಟುವ ಪ್ರಕ್ಷುಬ್ಧತೆ (ಸುಳಿಗಳ ಗದ್ದಲ) ತಗ್ಗುತ್ತದೆ. ಮಿತಿ ದಾಟಿದರೆ ಪ್ಲಾಸ್ಮಾ ಬಲೂನಿನಂತೆ ಹೊರಗೆ ಉಬ್ಬುವ ಕೈನೆಟಿಕ್ ಬಲೂನಿಂಗ್ ಅಸ್ಥಿರತೆ ಎದ್ದು ಶಾಖವನ್ನು ಹೊರಗೆ ಎಳೆದೊಯ್ಯುತ್ತದೆ. ಆ ಮಿತಿಯನ್ನು ಗಣಕದಲ್ಲಿ ಹುಡುಕುವುದೇ ನನ್ನ ಕೆಲಸವಾಗಿತ್ತು.

ಎಲೆಕ್ಟ್ರಾನ್ ತೀರ ಹಗುರ. ಡ್ಯುಟೀರಿಯಂ (ಭಾರದ ಹೈಡ್ರೋಜನ್) ಅಯಾನಿನಷ್ಟೇ ಬಿಸಿ ಇದ್ದರೂ ಅದರ ಸುಮಾರು 60 ಪಟ್ಟು ವೇಗದಲ್ಲಿ ಓಡುತ್ತದೆ. ಅದನ್ನು ಲೆಕ್ಕದಲ್ಲಿ ಹಿಡಿಯುವುದೇ ಒಂದು ಪೀಡೆ. ಅದಕ್ಕಿಂತ ದೊಡ್ಡ ಪೀಡೆ, ಕರೆಂಟಿನಿಂದ ಹುಟ್ಟುವ ಕಾಂತಕ್ಷೇತ್ರವನ್ನು ಹೇಳುವ ಆಂಪೇರ್ ನಿಯಮದ ಸಮೀಕರಣದಲ್ಲಿ ಬರುವ ಎರಡು ಭಾರೀ ಪದಗಳು. ಕಾಗದದ ಮೇಲೆ ಒಂದನ್ನೊಂದು ಕಳೆದುಹಾಕುವ ಇವು ಗಣಕದಲ್ಲಿ ಪೂರ್ತಿ ಕಳೆಯುವುದಿಲ್ಲ; ಉಳಿದ ಚೂರು ನಮಗೆ ಬೇಕಾದ ಸಣ್ಣ ಉತ್ತರವನ್ನೇ ಮುಚ್ಚುತ್ತದೆ. ಹತ್ತಿ ಲಾರಿಯನ್ನು ಕಾಟಾ ಮೇಲೆ ನಿಲ್ಲಿಸಿ, ಡ್ರೈವರನ ಜೇಬಿನ ಚೀಟಿಯ ತೂಕ ಹೇಳಿ ಅಂದಂತೆ. ಇಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡೆ. ಆಗ ನನ್ನ ಮಾರ್ಗದರ್ಶಕರು ಒಂದು ದಿನವೂ ಅವಸರ ಮಾಡಲಿಲ್ಲ. ಎಲ್ಲರೂ ತಾಳೆ ನೋಡುವ 'ಸೈಕ್ಲೋನ್ ಬೇಸ್ ಕೇಸ್' ಎಂಬ ಮಾದರಿ ಲೆಕ್ಕಕ್ಕೆ ಮತ್ತೆ ಮತ್ತೆ ಕಳಿಸಿದರು, ಪಕ್ಕದಲ್ಲಿ ಕೂತು ನನ್ನ ಪ್ರೋಗ್ರಾಮನ್ನು ಸಾಲು ಸಾಲು ಓದಿದರು. ಅವರಿಗೆ ನನ್ನ ಶರಣು.

ಕಾಲೇಜಿನಲ್ಲಿ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಕನ್ನಡದಲ್ಲೇ ಬಿಡಿಸಿ ಹೇಳಿದ ಮೇಷ್ಟ್ರೇ, ಇವತ್ತಿಗೂ ನನ್ನ ತಲೆಯಲ್ಲಿ ಅವು ನಿಮ್ಮ ದನಿಯಲ್ಲೇ ಇವೆ.

ಹತ್ತಿ ಮಾರ್ಕೆಟ್‌ನಲ್ಲಿ ಹಮಾಲಿ ಮಾಡಿ ಓದಿಸಿದ ಅಪ್ಪ ನಡುವೆ ಹಾಸಿಗೆ ಹಿಡಿದರು. ಓಣಿಯ ಮಂದಿ ಸರದಿಯಲ್ಲಿ ಆಸ್ಪತ್ರೆ ಕಾದರು, ರೊಟ್ಟಿ ಬುತ್ತಿ ಒಯ್ದರು. ವಾಪಸ್ ಬರುತ್ತೇನೆಂದು ನಾನು ಹಟ ಹಿಡಿದಾಗ ಅಕ್ಕ, "ನೀ ಅಲ್ಲೇ ಇರು, ಇಲ್ಲಿ ನಾ ಅದೀನಿ" ಅಂದಳು. ಆ ವರ್ಷ ಅವಳ ಬಿ.ಎಡ್. ಅರ್ಧಕ್ಕೇ ನಿಂತಿತು.

ಈಗ ಅಪ್ಪ ಓಡಾಡುತ್ತಿದ್ದಾರೆ. ಅಕ್ಕಾ, ಅರ್ಜಿ ತಂದಿಟ್ಟೀನಿ. ಈ ವರ್ಷ ನೀ ಕಾಲೇಜಿಗೆ ಹೋಗು, ಮನಿ ನಾ ನೋಡ್ಕೋತೀನಿ.