ಮುಳುಗಿದ ಊರುಗಳ ಹೆಸರಾದ್ರೂ ಉಳೀಲಿ

ಸಂಪಾದಕರೇ, ಟಿ.ಬಿ. ಡ್ಯಾಮ್ (ತುಂಗಭದ್ರಾ ಅಣೆಕಟ್ಟು) ಅಂದ್ರೆ ಎಲ್ರೂ ಗೇಟು, ಗಾರ್ಡನ್ನು, ಟಿಎಂಸಿ ಲೆಕ್ಕನೇ ಮಾತಾಡ್ತಾರೆ, ಆದ್ರೆ ಆ ನೀರಿನ ಕೆಳಗೆ ನಾರಾಯಣದೇವರಕೆರೆ ಅನ್ನೋ ತುಂಬಿದ ಊರಿತ್ತು ಅಂತ ನಮ್ಮ ಬಳ್ಳಾರಿ, ಕೊಪ್ಪಳದ ಎಷ್ಟೋ ಹುಡುಗ್ರಿಗೆ ಗೊತ್ತೇ ಇಲ್ಲ. 1945ರಲ್ಲಿ ಮದ್ರಾಸ್, ಹೈದರಾಬಾದ್ ಎರಡೂ ಸರ್ಕಾರ ಸೇರಿ ಅಡಿಗಲ್ಲು ಹಾಕಿದ್ವು, 1953ರ ಹೊತ್ತಿಗೆ ನೀರು ನಿಲ್ತು, ಅಲ್ಲಿನ ಜನ ಮನೆ, ಹೊಲ, ಹಿರಿಯರ ಸಮಾಧಿ ಎಲ್ಲಾ ಬಿಟ್ಟು ಮರಿಯಮ್ಮನಹಳ್ಳಿಗೆ ಬಂದು ನೆಲೆಯಾದ್ರು, ತಮ್ಮ ದೇವ್ರನ್ನೂ ಜೊತೆಗೇ ತಂದ್ರು. ಇಂಥ ಹತ್ತಾರು ಊರು ಎರಡೂ ದಂಡೇಲಿ ಹೋದ್ವು. ನಮ್ಮ ಗದ್ದೆಗೆ ಬರೋ ಕಾಲುವೆ ನೀರು ಅವ್ರು ಬಿಟ್ಟುಕೊಟ್ಟ ನೆಲದ್ದು. ಹಿನ್ನೀರಿನ ದಂಡೇಲಿ ಆ ಊರುಗಳ ಹೆಸರಿರೋ ಬೋರ್ಡ್ ಹಾಕ್ಸಿ, ಹಳೇ ಊರು ಕಣ್ಣಾರೆ ಕಂಡ ಅಜ್ಜ-ಅಜ್ಜಿಯರ ಮಾತು ಬೇಗ ರೆಕಾರ್ಡ್ ಮಾಡ್ಸಿ.

– ಒಬ್ಬ ರೈತ, ಗಂಗಾವತಿ