ಬೀಸಣಿಗೆ ಇದ್ದ ಕೈಯಲ್ಲಿ ಮಗು

ಊರಿನಿಂದ ನೆಂಟರು ಬಂದರೆ ನಯಾಗರಾ ತೋರಿಸುತ್ತೇವೆ, ಬಾಸ್ಟನ್ ಸುತ್ತಿಸುತ್ತೇವೆ, ಮ್ಯೂಸಿಯಂಗೆ ಹೋದರೆ ನೇರ ಫ್ರೆಂಚ್ ಚಿತ್ರಕಾರ ಮೋನೆಯ ಚಿತ್ರಗಳ ಕೋಣೆಗೇ. ಈ ಅಮೆರಿಕದ ನೆಲದ್ದೇ ಹಳೇ ಚಿತ್ರಗಳ ಮುಂದೆ ಯಾರೂ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಬಿಗಿದ ಮುಖ, ಲೇಸ್ ಕಾಲರ್, ಎಲ್ಲರೂ ಒಂದೇ ಥರ ಅಂತ ದಾಟಿಕೊಂಡು ಹೋಗಿಬಿಡುತ್ತೇವೆ. ಈ ಸಂಚಿಕೆಯಲ್ಲಿ ನನ್ನ ವಕಾಲತ್ತು ಆ ಬಿಗಿದ ಮುಖಗಳ ಪರ.

ಮೊದಲು ಮ್ಯಾಸಚೂಸೆಟ್ಸ್‌ನ ವೂಸ್ಟರ್ ಆರ್ಟ್ ಮ್ಯೂಸಿಯಂಗೆ ಹೋಗೋಣ. ಅಲ್ಲಿ ಬಾಸ್ಟನ್ ವ್ಯಾಪಾರಿ ಜಾನ್ ಫ್ರೀಕ್‌ನ ಹೆಂಡತಿ ಎಲಿಜಬೆತ್ ಇದ್ದಾಳೆ, ಮಡಿಲಲ್ಲಿ ಮಗಳು ಮೇರಿ. ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ. 1671ರ ಸುಮಾರಿಗೆ ಈ ಚಿತ್ರ ಬರೆದಾಗ ಆ ಮಗು ಇನ್ನೂ ಹುಟ್ಟಿಯೇ ಇರಲಿಲ್ಲ! ಎಕ್ಸ್-ರೇ ತೆಗೆದಾಗ ಗುಟ್ಟು ಹೊರಬಿತ್ತು: ಮೊದಲು ಆಕೆಯ ಕೈಯಲ್ಲಿದ್ದದ್ದು ಬೀಸಣಿಗೆ. 1674ರಲ್ಲಿ ಮೇರಿ ಹುಟ್ಟಿದ ಮೇಲೆ, ಇನ್ನೊಂದು ಚಿತ್ರಕ್ಕೆ ಯಾಕೆ ದುಡ್ಡು ಸುರಿಯಬೇಕು ಅಂದುಕೊಂಡರೋ ಏನೋ, ಇದ್ದ ಚಿತ್ರದಲ್ಲೇ ಮಗುವನ್ನು ಸೇರಿಸಿದರು. ಪಕ್ಕದಲ್ಲಿ ಲ್ಯಾಟಿನ್‌ನಲ್ಲಿ ವಯಸ್ಸು ಆರು ತಿಂಗಳು ಅಂತ ಬರೆಸಿದ್ದೂ ಆಯಿತು. ಆರು ತಿಂಗಳ ಕೂಸು ಹಲಗೆಯ ಹಾಗೆ ನೆಟ್ಟಗೆ ನಿಂತಿದೆ, ನಿಜ. ಆದರೆ ಲೇಸಿನ ಒಂದೊಂದು ಎಳೆ, ಮುತ್ತಿನ ಸರ, ತೋಳಿನ ಕೆಂಪು ರಿಬ್ಬನ್ ನೋಡಿ. ಪ್ಯೂರಿಟನ್ನರು (ಇಂಗ್ಲೆಂಡಿನಿಂದ ಬಂದು ಇಲ್ಲಿ ನೆಲೆಸಿದ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟರು) ಅಂದರೆ ಬರೀ ಕಪ್ಪು ಬಟ್ಟೆ ಅಂತ ನಂಬಿದವರು ಇದನ್ನು ನೋಡಲೇಬೇಕು.

ಅವರ ಪ್ರಾರ್ಥನಾ ಮಂದಿರಗಳಲ್ಲಿ ಚಿತ್ರಕ್ಕೆ ಜಾಗ ಇರಲಿಲ್ಲ. ಹಾಗಾಗಿ ಕಲೆ ಮನೆಯವರ ಮುಖಚಿತ್ರಗಳಿಗೆ ಬಂತು, ಗೋರಿಕಲ್ಲಿಗೂ ಹೋಯಿತು. ಬಾಸ್ಟನ್ನಿನ ಗ್ರಾನರಿ ಸ್ಮಶಾನದಲ್ಲಿ ರೆಕ್ಕೆ ಇರುವ ತಲೆಬುರುಡೆಗಳು ಸಾಲುಸಾಲಾಗಿವೆ. (ಇದನ್ನೆಲ್ಲ ಅಮೆರಿಕದ ಕಲೆಯ 'ಆರಂಭ' ಅನ್ನುವುದೂ ಅಷ್ಟು ಸರಿಯಲ್ಲ. ಯೂರೋಪಿನ ಹಡಗುಗಳು ಬರುವ ಎಷ್ಟೋ ಮೊದಲೇ ಇಲ್ಲಿನ ಮೂಲನಿವಾಸಿಗಳು ಚಿಪ್ಪಿನ ಮಣಿ, ಮುಳ್ಳುಹಂದಿಯ ಮುಳ್ಳಿನ ಕಸೂತಿಯಲ್ಲಿ ಪಳಗಿದ್ದರು.)

ಚಿತ್ರ ಬರೆಯುವುದು ಆಗ ಒಂದು ಕಸುಬು, ಅಷ್ಟೇ. ಬಡಗಿ, ದರ್ಜಿ, ಚಮ್ಮಾರನ ಕೆಲಸಕ್ಕಿಂತ ಹೆಚ್ಚಿನದು ಅಂತ ನಮ್ಮ ಜನ ಇದನ್ನು ನೋಡುವುದಿಲ್ಲ ಅಂತ ಚಿತ್ರಕಾರ ಜಾನ್ ಸಿಂಗಲ್ಟನ್ ಕೋಪ್ಲಿ ಗೊಣಗಿದ್ದ. 1738ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದವನು. ಮಲತಂದೆ ಪೀಟರ್ ಪೆಲ್ಹಮ್ ಅಚ್ಚಿನ ಚಿತ್ರ ಕೆತ್ತುವವನು, ಹುಡುಗ ಕಲಿತದ್ದು ಹೆಚ್ಚಾಗಿ ಅಂಥ ಅಚ್ಚುಗಳನ್ನು ನೋಡಿಯೇ. 1765ರಲ್ಲಿ ತಮ್ಮನನ್ನು ಸಾಕಿದ ಅಳಿಲಿನ ಜೊತೆ ಕೂರಿಸಿ ಬರೆದು ಲಂಡನ್ನಿಗೆ ಕಳಿಸಿದ. ಅದನ್ನು ನೋಡಿ ಬೆರಗಾದ ಅಲ್ಲಿನ ಹೆಸರಾಂತ ಚಿತ್ರಕಾರ ರೆನಾಲ್ಡ್ಸ್, ಬಾಸ್ಟನ್ನಿನಲ್ಲೇ ಇದ್ದು ಕೈ ಕೆಡುವ ಮೊದಲು ಯೂರೋಪಿಗೆ ಬಾ ಅಂತ ಹೇಳಿಕಳಿಸಿದ. ಕೋಪ್ಲಿ 1774ರಲ್ಲಿ ಹೋದ, ಮತ್ತೆ ಬರಲೇ ಇಲ್ಲ. ಅಲ್ಲಿ ದೊಡ್ಡ ದೊಡ್ಡ ಚಿತ್ರ ಬರೆದ, ಹೆಸರೂ ಮಾಡಿದ. ಆದರೂ ನನಗೆ ಬಾಸ್ಟನ್ನಿನ ಕೋಪ್ಲಿಯೇ ಮೇಲು. 1768ರ ಪಾಲ್ ರಿವೀರ್ ಚಿತ್ರವನ್ನೇ ತೆಗೆದುಕೊಳ್ಳಿ. ಅಕ್ಕಸಾಲಿಗ ಕೋಟು ಹಾಕದೆ ಬರೀ ಅಂಗಿಯಲ್ಲಿ ಕೂತಿದ್ದಾನೆ, ಕೈಯಲ್ಲಿ ಬೆಳ್ಳಿಯ ಟೀಪಾಟ್, ಅದರ ಮೈಮೇಲೆ ಅವನದೇ ಬೆರಳುಗಳ ಪ್ರತಿಬಿಂಬ. ಇದಕ್ಕಿಂತ ಇನ್ನೇನು ಕಲಿಯಬೇಕಿತ್ತು ಹೇಳಿ?

ಲಂಡನ್ನಿನಲ್ಲಿ ಆಗಲೇ ಪೆನ್ಸಿಲ್ವೇನಿಯಾದ ಚಿತ್ರಕಾರ ಬೆಂಜಮಿನ್ ವೆಸ್ಟ್ ನೆಲೆಯೂರಿದ್ದ. ಅಮೆರಿಕದಿಂದ ಹೋದ ಹುಡುಗರಿಗೆಲ್ಲ ಅವನ ಮನೆಯೇ ಗುರುಕುಲ. ಅವರಲ್ಲಿ ಒಬ್ಬ ಮಾಥರ್ ಬ್ರೌನ್, ಬಾಸ್ಟನ್ನಿನವನು. 1670ರ ಸುಮಾರಿಗೆ ಜಾನ್ ಫಾಸ್ಟರ್ ಮರದ ಅಚ್ಚಿನಲ್ಲಿ ಪಾದ್ರಿ ರಿಚರ್ಡ್ ಮಾಥರ್‌ನ ಮುಖ ಕೊರೆದಿದ್ದ. ಇಲ್ಲಿ ಅಚ್ಚಾದ ಮೊದಲ ಮುಖಚಿತ್ರ ಅದು. ಈ ಬ್ರೌನ್ ಅದೇ ಪಾದ್ರಿಯ ವಂಶದ ಕುಡಿ. ಈಗ ನಮ್ಮ ಸುದ್ದಿ ಬಂತು: 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಚಿಕ್ಕ ಮಕ್ಕಳನ್ನು ಕಾರ್ನ್‌ವಾಲಿಸ್ ಒತ್ತೆಯಾಗಿ ಪಡೆದ ಪ್ರಸಂಗದ ಚಿತ್ರವನ್ನು ಬ್ರೌನ್ ಬರೆದ. ಮೈಸೂರು ಕಂಡವನೇ ಅಲ್ಲ! ಬ್ರಿಟಿಷ್ ಸೈನ್ಯದ ಜೊತೆ ಹೋಗಿ ಬರೆದ ರಾಬರ್ಟ್ ಹೋಮ್‌ನನ್ನು ನಾನು ಹೆಚ್ಚು ನಂಬುತ್ತೇನೆ. ಬ್ರೌನ್ ಬರೆದದ್ದು ಲಂಡನ್ನಿನ ಜನಕ್ಕೆ ಬೇಕಾದ ಶ್ರೀರಂಗಪಟ್ಟಣ.

ವೆಸ್ಟ್‌ನ ಇನ್ನೊಬ್ಬ ಶಿಷ್ಯ ಜಾನ್ ಟ್ರಂಬುಲ್ ಬರೆದದ್ದು ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಅದೇ ಕಾರ್ನ್‌ವಾಲಿಸ್ ಸೇನೆಯ 1781ರ ಶರಣಾಗತಿ. ಅದು ವಾಷಿಂಗ್ಟನ್ನಿನ ಸಂಸತ್ ಭವನ ಕ್ಯಾಪಿಟಲ್‌ನ ರೋಟಂಡಾದಲ್ಲಿ, ಅಂದರೆ ಗುಮ್ಮಟದ ಕೆಳಗಿನ ದುಂಡು ಹಜಾರದಲ್ಲಿದೆ. ಬೇಸಿಗೆ ರಜೆಯಲ್ಲಿ ಆ ಕಡೆ ಹೋಗುವವರು ಅದರಲ್ಲಿ ಕಾರ್ನ್‌ವಾಲಿಸ್ ಎಲ್ಲಿದ್ದಾನೆ ಅಂತ ಮಕ್ಕಳಿಗೆ ಹುಡುಕಲು ಹೇಳಿ. ಸಿಗುವುದಿಲ್ಲ, ಮೈ ಸರಿಯಿಲ್ಲ ಅಂತ ಹೇಳಿ ಅವತ್ತು ಅವನು ಬಂದೇ ಇರಲಿಲ್ಲ.